ಕೋಳಿಯಿಂದ ಮನುಷ್ಯರಿಗೆ ಜ್ವರ ಹೆಂಗ ಬರ್ತದ? ಸಾಕುವವರು, ಅಂಗಡಿಯವರು ತಿಳಿದಿರಬೇಕಾದ ಮಾಹಿತಿ

ವಿಜಯಪುರ: ಹಕ್ಕಿ ಜ್ವರದ ಸುದ್ದಿ ಎಲ್ಲೋ ಬಂದರೂ ಸಾಕು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಚಿಕನ್ ಅಂಗಡಿಗಳಲ್ಲಿ ಗಿರಾಕಿ ಕಡಿಮೆ ಆಗ್ತಾರೆ. ಆದರೆ ಹಿತ್ತಲಲ್ಲಿ ಸತ್ತ ಕೋಳಿಯನ್ನು ಬರಿಗೈಲೇ ಎತ್ತಿ ಹಳ್ಳಕ್ಕೆ ಎಸೆಯುವಾಗ ಯಾರಿಗೂ ಹೆದರಿಕೆ ಇರೋದಿಲ್ಲ. ನಿಜವಾದ ಅಪಾಯ ಇರುವುದು ಚೆನ್ನಾಗಿ ಬೆಂದ ಸಾರಿನಲ್ಲಿ ಅಲ್ಲ, ಕಾಯಿಲೆ ಬಿದ್ದ ಕೋಳಿಯನ್ನು ಮುಟ್ಟುವ, ಕೊಯ್ಯುವ ಕೆಲಸದಲ್ಲಿ.

ಈ ರೋಗಾಣು ಎಲ್ಲಿಂದ ಬರ್ತದ?

ಇನ್‌ಫ್ಲುಯೆಂಜಾ ‘ಎ’ ವೈರಸ್‌ನ ಮೂಲ ಮನೆ ಕಾಡು ಬಾತುಕೋಳಿಯಂಥ ನೀರಹಕ್ಕಿಗಳು. ಎಷ್ಟೋ ಸಲ ಅವು ಕಾಯಿಲೆ ಬೀಳದೆಯೇ ವೈರಸ್ ಹೊತ್ತು ತಿರುಗುತ್ತವೆ, ಹಿಕ್ಕೆಯ ಮೂಲಕ ನೀರಿಗೆ ಬಿಡುತ್ತವೆ. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ವಲಸೆ ಹಕ್ಕಿಗಳು ಬರುವುದು ನಮಗೆಲ್ಲ ಗೊತ್ತು. ಹಕ್ಕಿ ಬಂತು ಅಂದರೆ ರೋಗ ಬಂತು ಅಂತ ಅಲ್ಲ, ಅವುಗಳನ್ನು ಓಡಿಸುವುದೂ ಬೇಡ. ಆ ನೀರಿಗೆ ಮನೆ ಕೋಳಿ, ಬಾತುಕೋಳಿಗಳನ್ನು ಬಿಡದಿದ್ದರೆ ಆಯ್ತು.

ಒಂದು ಫಾರಂನಿಂದ ಇನ್ನೊಂದಕ್ಕೆ ರೋಗ ಹೋಗುವುದು ಹೆಚ್ಚಾಗಿ ನಮ್ಮಿಂದಲೇ. ಜೀವಂತ ಕೋಳಿ, ಪಂಜರ, ಮೊಟ್ಟೆ ಟ್ರೇ, ವಾಹನದ ಗಾಲಿ, ಚಪ್ಪಲಿಗೆ ಅಂಟಿದ ಹಿಕ್ಕೆ, ಇವೇ ದಾರಿ.

ಮನುಷ್ಯರಿಗೆ ದಾಟುವುದು ಹೇಗೆ?

ಕಾಯಿಲೆ ಕೋಳಿಯ ಜೊಲ್ಲು, ಹಿಕ್ಕೆ, ರಕ್ತ ಮುಟ್ಟಿದ ಕೈಯನ್ನು ಕಣ್ಣು, ಮೂಗು, ಬಾಯಿಗೆ ತಾಗಿಸಿದಾಗ ದಾಟುತ್ತದೆ. ಪುಕ್ಕ ಕೀಳುವಾಗ, ಗೂಡು ಕಸ ಹೊಡೆಯುವಾಗ ಏಳುವ ಧೂಳಿನಿಂದಲೂ ಬರಬಹುದು.

ವೈರಸ್ಸಿಗೆ ನಮ್ಮ ದೇಹದ ಕೋಶ ಅಂದರೆ ಬೀಗ ಹಾಕಿದ ಮನೆ ಇದ್ದಂಗ. ಹಕ್ಕಿ ವೈರಸ್‌ನ ಕೀಲಿ ನಮ್ಮ ಮೂಗು, ಗಂಟಲಿನ ಬೀಗಕ್ಕೆ ಸರಿ ಹೊಂದುವುದಿಲ್ಲ, ಶ್ವಾಸಕೋಶದ ಆಳದಲ್ಲಿ ಹೊಂದುತ್ತದೆ. ಅದಕ್ಕೇ ಈ ರೋಗ ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ಮಾತ್ರ ಗಂಭೀರ. 2003ರಿಂದ ಈಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ತಗುಲಿದ್ದು, ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡಿದ್ದಾರೆ.

ಹಂದಿಯ ದೇಹದಲ್ಲಿ ಎರಡೂ ಥರದ ಬೀಗ ಇವೆ. ಹಕ್ಕಿಯ ವೈರಸ್, ಮನುಷ್ಯರ ವೈರಸ್ ಎರಡೂ ಅಲ್ಲಿ ಸೇರಿ ಹೊಸ ವೈರಸ್ ಹುಟ್ಟಬಹುದು. 2009ರಲ್ಲಿ ಜಗತ್ತಿಗೆಲ್ಲ ಹರಡಿದ ಎಚ್1ಎನ್1, ಅಂದರೆ ನಾವು ಕರೆದ ‘ಹಂದಿ ಜ್ವರ’, ಹೀಗೆ ಬೆರಕೆಯಾದದ್ದೇ.

ನಮ್ಮ ಸುತ್ತಮುತ್ತ ಆಗಿದ್ದು

ದೇಶದಲ್ಲಿ ಕೋಳಿಗಳಿಗೆ ಎಚ್5ಎನ್1 ಮೊದಲು ಕಂಡದ್ದು 2006ರಲ್ಲಿ, ನೆರೆಯ ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಟರ್ಕಿ ಕೋಳಿಗಳಿಗೆ ಬಂತು. 2020ರಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ಕಾಣಿಸಿತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ ಹಾಗೂ ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ಕುರೆಕುಪ್ಪದವರೆಗೆ ಬಂದಿತ್ತು.

2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಹೆಣ್ಣುಮಗು ಎಚ್5ಎನ್1ನಿಂದ ತೀರಿಕೊಂಡಿತು. ಮಗು ಹಸಿ ಕೋಳಿ ಮಾಂಸದ ತುಂಡು ತಿಂದಿತ್ತು ಎಂಬುದು ವಿಚಾರಣೆಯಲ್ಲಿ ತಿಳಿದುಬಂತು. ಮನೆಯಲ್ಲಿ ಕೋಳಿ ಕೊಯ್ಯುವಾಗ ಮಕ್ಕಳನ್ನು ಹತ್ತಿರ ಬಿಡಬೇಡ್ರಿ, ಹಸಿ ತುಂಡು ಕೈಗೆ ಕೊಡಲೇಬೇಡ್ರಿ.

ಹಂಗಾದ್ರ ಚಿಕನ್ ತಿನ್ನಬಹುದೇನ್ರಿ?

ತಿನ್ನಬಹುದು. 70 ಡಿಗ್ರಿ ಸೆಲ್ಸಿಯಸ್ ಶಾಖ ಮಾಂಸದ ಒಳಗಿನ ತನಕ ಮುಟ್ಟಿದರೆ ವೈರಸ್ ಸಾಯುತ್ತದೆ. ಕುದಿಯುವ ಸಾರು ಇದಕ್ಕಿಂತ ಬಿಸಿ ಇರುತ್ತದೆ. ಮಾಂಸದೊಳಗೆ ಕೆಂಪು ಉಳಿಯಬಾರದು, ಮೊಟ್ಟೆಯ ಹಳದಿ ಗಟ್ಟಿಯಾಗಬೇಕು. 2024ರಲ್ಲಿ ಅಮೆರಿಕದಲ್ಲಿ ಹೈನು ಹಸುಗಳಿಗೂ ಈ ವೈರಸ್ ತಗುಲಿತ್ತು. ಹಾಲು ಕಾಯಿಸಿ ಕುಡಿಯುವ ನಮ್ಮ ರೂಢಿ ಬಿಡಬೇಡಿ.

ಅಂಗಡಿಯವರು ಇಷ್ಟು ಮಾಡ್ರಿ

• ತೂಕಡಿಸುವ, ಮೇವು ಬಿಟ್ಟ ಕೋಳಿ ಲೋಡಿನಲ್ಲಿ ಬಂದರೆ ಇಳಿಸಿಕೊಳ್ಳಬೇಡಿ. ಸತ್ತದ್ದನ್ನು ಅಗ್ಗಕ್ಕೂ ಮಾರಬೇಡಿ.
• ಕೊಯ್ಯುವಾಗ ಮೂಗು, ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.
• ಪಂಜರ, ಕತ್ತಿ, ಕಟ್ಟೆಯನ್ನು ದಿನಾ ತೊಳೆದು ಬ್ಲೀಚಿಂಗ್ ಪೌಡರ್ ನೀರು ಹಾಕಿ.
• ಪುಕ್ಕ, ಕರುಳನ್ನು ನಾಯಿ, ಬೆಕ್ಕಿಗೆ ಎಸೆಯಬೇಡಿ. 2024ರ ಕೊನೆಗೆ ನಾಗಪುರದ ಗೋರೆವಾಡಾದಲ್ಲಿ ಮೂರು ಹುಲಿ, ಒಂದು ಚಿರತೆ ಇದೇ ವೈರಸ್‌ನಿಂದ ಸತ್ತವು.

ಕೋಳಿ ಸಾಯಾಕತ್ತಾವ, ಏನ್ ಮಾಡೂದು?

ಒಮ್ಮೆಲೇ ಹಲವು ಕೋಳಿ ಸಾಯುವುದು, ತಲೆ ಊದುವುದು, ಜುಟ್ಟು ನೀಲಿಗಟ್ಟುವುದು, ಮೊಟ್ಟೆ ಕಡಿಮೆ ಆಗುವುದು ಹಕ್ಕಿ ಜ್ವರದ ಲಕ್ಷಣ. ರಾಣಿಖೇತ್ ರೋಗವೂ ಹೀಗೇ ಕಾಣಬಹುದು. ನೋಡಿ ಹೇಳಲು ಬರುವುದಿಲ್ಲ, ಭೋಪಾಲದ ಪ್ರಯೋಗಾಲಯವೇ ಖಚಿತ ಮಾಡಬೇಕು. ಉಳಿದ ಕೋಳಿಗಳನ್ನು ಸಂತೆಗೆ ಒಯ್ಯದೆ ತಾಲೂಕು ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962ಕ್ಕೆ ಕರೆ ಮಾಡಿ.

ರೋಗ ಖಚಿತವಾದರೆ ಸುತ್ತಲಿನ 1 ಕಿ.ಮೀ. ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿ.ಮೀ. ತನಕ ನಿಗಾ ಇಡುತ್ತಾರೆ. ಇದಕ್ಕೆ ಹೆದರಿ ಸುಮ್ಮನಿರುವವರೇ ಹೆಚ್ಚು. ಆದರೆ ಸರ್ಕಾರದ ಪರಿಹಾರ ಸಿಗುವುದು ಇಲಾಖೆ ಕೊಂದ ಕೋಳಿ, ನಾಶಪಡಿಸಿದ ಮೊಟ್ಟೆ ಮತ್ತು ಮೇವಿಗೆ. ಅದಕ್ಕೂ ಮೊದಲು ರೋಗದಿಂದ ಸತ್ತ ಕೋಳಿಗೆ ಸಿಗುವುದಿಲ್ಲ. ತಡ ಮಾಡಿದಷ್ಟು ನಷ್ಟ ಸಾಕಿದವರಿಗೇ.

ಕೋಳಿ ಮುಟ್ಟಿದ ಹತ್ತು ದಿನದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಕಣ್ಣು ಕೆಂಪಾಗುವುದು ಕಂಡರೆ ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ಕೂಡಬೇಡಿ. ಆಸ್ಪತ್ರೆಗೆ ಹೋಗಿ, ‘ಕೋಳಿ ಸತ್ತಿದ್ದವು, ನಾನು ಮುಟ್ಟಿದ್ದೆ’ ಅಂತ ಡಾಕ್ಟರಿಗೆ ಹೇಳಿ. ಇದಕ್ಕೆ ಔಷಧ ಇದೆ, ಮೊದಲ ಎರಡು ದಿನದೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ.