ಶುಕ್ರವಾರ ಸಿಗದ ಶಾಲೆಗಳು

ಒಂದು ಸಂಖ್ಯೆಯಿಂದ ಶುರು ಮಾಡ್ತೀನಿ. 1,333.

ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದಲ್ಲಿ ರಾಬರ್ಟ್ ಹ್ಯೂಸ್ ಅಂತ ಒಬ್ಬ ಬಾಸ್ಕೆಟ್‌ಬಾಲ್ ಕೋಚ್ ಇದ್ದರು. ಕಲಿಸಿದ್ದು ಹೈಸ್ಕೂಲ್ ಹುಡುಗರಿಗೆ. 1958ರಲ್ಲಿ ಕೆಲಸ ಶುರು ಮಾಡಿ 2005ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಅವರ ತಂಡಗಳು ಗೆದ್ದ ಪಂದ್ಯಗಳ ಲೆಕ್ಕ ಈ 1,333. ಅಮೆರಿಕದ ಬಾಲಕರ ಹೈಸ್ಕೂಲ್ ಬಾಸ್ಕೆಟ್‌ಬಾಲ್‌ನಲ್ಲಿ ಅಲ್ಲಿಯವರೆಗೆ ಅಷ್ಟು ಗೆದ್ದ ಕೋಚ್ ಇನ್ನೊಬ್ಬರಿರಲಿಲ್ಲ. 2017ರಲ್ಲಿ ನೈಸ್ಮಿತ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಅದೇ ವರ್ಷ ಸೇರಿದವರಲ್ಲಿ ಎನ್‌ಬಿಎ ತಾರೆ ಟ್ರೇಸಿ ಮೆಕ್‌ಗ್ರೇಡಿ ಕೂಡ ಇದ್ದರು. ಕೋಟಿ ಕೋಟಿ ಗಳಿಸಿದ ತಾರೆಯ ಪಕ್ಕದಲ್ಲಿ ಒಬ್ಬ ಹೈಸ್ಕೂಲ್ ಕೋಚ್, ವಯಸ್ಸು 89.

ಚಪ್ಪಾಳೆ ತಟ್ಟಿ ಎದ್ದು ಹೋಗಬಹುದು, ಅಲ್ವಾ? ಸ್ವಲ್ಪ ತಡೀರಿ. ಈ 1,333ರ ಒಳಗೆ ಒಂದು ಇತಿಹಾಸ ಅಡಗಿದೆ. ಆ ಗೆಲುವುಗಳಲ್ಲಿ ಒಂದು ದೊಡ್ಡ ಪಾಲು ಎಂಥಾ ಶಾಲೆಯಲ್ಲಿ ಬಂದದ್ದು ಗೊತ್ತಾ? ಈಗ ಮುಚ್ಚಿಹೋಗಿರುವ ಶಾಲೆಯಲ್ಲಿ. ಯಾವ ಲೀಗ್‌ನಲ್ಲಿ? ಅದೂ ಈಗ ಇಲ್ಲ. ಹಾಗಾದ್ರೆ ಆ ಲೆಕ್ಕ ಬರೆದಿಟ್ಟವರು ಯಾರು?

ಮೊದಲು ಈ ಹಾಲ್ ಆಫ್ ಫೇಮ್ ಅಂದ್ರೇನು ಅಂತ ನೋಡೋಣ. ಸಾಧಕರ ಹೆಸರು, ಚಿತ್ರ, ದಾಖಲೆಗಳನ್ನು ಒಂದೆಡೆ ಶಾಶ್ವತವಾಗಿ ಇಡುವ ಗೌರವದ ಮನೆ. ಅಮೆರಿಕದವರಿಗೆ ಇದರ ಹುಚ್ಚು ಜಾಸ್ತಿ. ಬೇಸ್‌ಬಾಲ್‌ನವರು 1936ರಲ್ಲಿ ಬೇಬ್ ರೂತ್ ಸೇರಿ ಐದು ಜನರನ್ನು ಮೊದಲ ಬಾರಿಗೆ ಆರಿಸಿದರು. 1939ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಕಟ್ಟಡವೇ ತೆರೆಯಿತು. ನಂತರ ಒಂದೊಂದೇ ಆಟ, ಒಂದೊಂದೇ ರಾಜ್ಯ ಇದೇ ದಾರಿ ಹಿಡಿದವು. ಕೊನೆಗೆ ಶಾಲೆಗಳ ಸರದಿಯೂ ಬಂತು. 1982ರಲ್ಲಿ ಹೈಸ್ಕೂಲ್ ಆಟಗಾರರು, ಕೋಚ್‌ಗಳು, ಅಂಪೈರ್‌ಗಳಿಗಂತಲೇ ರಾಷ್ಟ್ರಮಟ್ಟದ ಹಾಲ್ ಆಫ್ ಫೇಮ್ ಶುರುವಾಯಿತು.

ಹೈಸ್ಕೂಲ್ ಆಟಕ್ಕೆ ಇಷ್ಟೊಂದಾ ಅಂತ ನಮಗೆ ಅನ್ನಿಸಬಹುದು. ಟೆಕ್ಸಾಸ್‌ನವರ ಮುಂದೆ ಮಾತ್ರ ಹಾಗೆ ಕೇಳಬೇಡಿ! ಶುಕ್ರವಾರ ರಾತ್ರಿ ಅಂದ್ರೆ ಅಲ್ಲಿ ಹೈಸ್ಕೂಲ್ ಫುಟ್‌ಬಾಲ್. ನಾವು ನೋಡೋ ಫುಟ್‌ಬಾಲ್ ಅಲ್ಲ ಅದು. ತಲೆಗೆ ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡು ಅವುಚಿಕೊಂಡು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಸಣ್ಣ ಊರುಗಳಲ್ಲಂತೂ ಅವತ್ತು ಊರಿಗೆ ಊರೇ ಮೈದಾನದಲ್ಲಿ. ಪಕ್ಕಾ ಊರ ಜಾತ್ರೆ.

ಆದರೆ ಒಂದು ಕಾಲದಲ್ಲಿ ಆ ಶುಕ್ರವಾರ ಎಲ್ಲರದ್ದೂ ಆಗಿರಲಿಲ್ಲ.

1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಬಿಳಿಯರಿಗೂ ಕಪ್ಪುವರ್ಣೀಯರಿಗೂ ಸೌಲಭ್ಯ ಬೇರೆ ಬೇರೆ ಇರಬಹುದು, ಸಮಾನವಾಗಿದ್ದರೆ ಸಾಕು ಅಂತ. ಬೇರೆ ಬೇರೆ ಅನ್ನೋದು ಚಾಚೂ ತಪ್ಪದೆ ಜಾರಿಗೆ ಬಂತು. ಸಮಾನ ಅನ್ನೋದು ಕಾಗದದಲ್ಲೇ ಉಳೀತು. ಟೆಕ್ಸಾಸ್‌ನಲ್ಲಿ ಶಾಲಾ ಸ್ಪರ್ಧೆಗಳನ್ನು ನಡೆಸುತ್ತಿದ್ದದ್ದು ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಅಂದ್ರೆ ಯುಐಎಲ್. ಅದರ ಬಾಗಿಲು ಬಿಳಿಯರ ಶಾಲೆಗಳಿಗೆ ಮಾತ್ರ ತೆರೆದಿತ್ತು. ಕಪ್ಪುವರ್ಣೀಯರ ಶಾಲೆಗಳು 1920ರಲ್ಲಿ ತಮ್ಮದೇ ಲೀಗ್ ಕಟ್ಟಿಕೊಂಡವು. ಪ್ರೇರೀ ವ್ಯೂ ಅನ್ನೋ ಊರಿನ ಕಪ್ಪುವರ್ಣೀಯರ ಕಾಲೇಜು ಅದಕ್ಕೆ ಆಸರೆಯಾಯಿತು. ಹಾಗಾಗಿ ಆ ಲೀಗ್‌ಗೆ ಪ್ರೇರೀ ವ್ಯೂ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಅಂತಲೇ ಹೆಸರು. ಚಿಕ್ಕದಾಗಿ ಪಿವಿಐಎಲ್. ಅಲ್ಲಿ ಆಟ ಮಾತ್ರ ಅಲ್ಲ, ಭಾಷಣ, ಸಂಗೀತದ ಸ್ಪರ್ಧೆಗಳೂ ನಡೀತಿದ್ದವು.

ಊರಿನ ಸ್ಟೇಡಿಯಂ ಶುಕ್ರವಾರ ಬಿಳಿಯರ ಶಾಲೆಗೆ ಮೀಸಲು. ಹಾಗಾದರೆ ಈ ಮಕ್ಕಳು ಆಡೋದು ಯಾವಾಗ? ಬುಧವಾರ, ಇಲ್ಲಾ ಗುರುವಾರ. ಬಿಳಿಯರ ಶಾಲೆಯವರು ಬಳಸಿ ಬಿಟ್ಟ ಹಳೇ ಹೆಲ್ಮೆಟ್ಟು, ಹಳೇ ಸಾಮಾನು ಎಷ್ಟೋ ಕಡೆ ಇವರಿಗೆ. ಮೈಕಲ್ ಹರ್ಡ್ ಅನ್ನೋ ಲೇಖಕರು 2017ರಲ್ಲಿ ಈ ಲೀಗ್‌ನ ಇತಿಹಾಸ ಬರೆದಾಗ ಪುಸ್ತಕಕ್ಕೆ ಕೊಟ್ಟ ಹೆಸರೇ ಥರ್ಸ್‌ಡೇ ನೈಟ್ ಲೈಟ್ಸ್. ಗುರುವಾರ ರಾತ್ರಿಯ ದೀಪಗಳು.

ಜನ ಬರ್ತಿರಲಿಲ್ಲ ಅಂದ್ಕೋಬೇಡಿ. ಹ್ಯೂಸ್ಟನ್‌ನಲ್ಲಿ ಜ್ಯಾಕ್ ಯೇಟ್ಸ್ ಮತ್ತು ಫಿಲಿಸ್ ವೀಟ್ಲಿ ಅಂತ ಎರಡು ಹೈಸ್ಕೂಲ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇವೆರಡರ ನಡುವೆ ಪಂದ್ಯ. 30,000ಕ್ಕೂ ಹೆಚ್ಚು ಜನ ಸೇರಿದ್ದುಂಟು! ಶಾಲಾ ಮಕ್ಕಳ ಆಟಕ್ಕೆ, ಸ್ವಾಮಿ. ಆದರೆ ಬಿಳಿಯರ ಪತ್ರಿಕೆಗಳಲ್ಲಿ ಇಂಥ ಶಾಲೆಗಳ ಸುದ್ದಿಗೆ ಸಿಗ್ತಿದ್ದ ಜಾಗ ಅಂಗೈಯಗಲ.

ಈ ಗುರುವಾರದ ಮೈದಾನಗಳಿಂದ ಎಂಥೆಂಥವರು ಬಂದರು ನೋಡಿ. ಆಸ್ಟಿನ್‌ನ ಆಂಡರ್ಸನ್ ಹೈಸ್ಕೂಲ್‌ನ ಡಿಕ್ ಲೇನ್, ಎಲ್ಲರ ಬಾಯಲ್ಲಿ 'ನೈಟ್ ಟ್ರೇನ್'. 1952ರಲ್ಲಿ, ವೃತ್ತಿಪರ ಆಟದ ತಮ್ಮ ಮೊದಲ ವರ್ಷದಲ್ಲೇ, ಎದುರಾಳಿ ಎಸೆದ 14 ಪಾಸ್‌ಗಳನ್ನು ನಡುವೆಯೇ ಕಸಿದರು. ಒಂದೇ ಸೀಸನ್‌ನ ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಟೆಂಪಲ್ ಊರಿನ ಡನ್‌ಬಾರ್ ಹೈಸ್ಕೂಲ್‌ನ ಜೋ ಗ್ರೀನ್, ಪಿಟ್ಸ್‌ಬರ್ಗ್ ಪರ ನಾಲ್ಕು ಸೂಪರ್ ಬೌಲ್ ಗೆದ್ದರು. ಇಬ್ಬರೂ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

ಇನ್ನೊಬ್ಬರನ್ನು ನೀವು ನೋಡಿರ್ತೀರಿ. ಪೊಲೀಸ್ ಅಕಾಡೆಮಿ ಸಿನಿಮಾದಲ್ಲಿ ಬೆಟ್ಟದಂಥ ಆಳು ಹೈಟವರ್ ನೆನಪಿದ್ದಾರಾ? ಅವರೇ ಬಬ್ಬಾ ಸ್ಮಿತ್. ಬೋಮಾಂಟ್ ಊರಿನ ಚಾರ್ಲ್‌ಟನ್-ಪೊಲಾರ್ಡ್ ಹೈಸ್ಕೂಲ್ ಹುಡುಗ. ಅಲ್ಲಿ ಕೋಚ್ ಯಾರು? ಅವರ ಅಪ್ಪ, ವಿಲ್ಲಿ ರೇ ಸ್ಮಿತ್. ಮಗ ಇಷ್ಟು ಚೆನ್ನಾಗಿ ಆಡಿದರೂ ತನ್ನದೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಕಪ್ಪುವರ್ಣೀಯರಿಗೆ ಜಾಗ ಇರಲಿಲ್ಲ. ದೂರದ ಮಿಷಿಗನ್ ಸ್ಟೇಟ್‌ಗೆ ಹೋಗಬೇಕಾಯಿತು. 1967ರಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸುವಾಗ ಇಡೀ ದೇಶದಲ್ಲಿ ಮೊದಲು ಕೂಗಿದ ಹೆಸರು ಬಬ್ಬಾ ಸ್ಮಿತ್.

ಮಗನ ಹೆಸರು ಜಗತ್ತಿಗೆ ಗೊತ್ತಾಯಿತು. ತಾರೆ ಅಂದಮೇಲೆ ದಾಖಲೆ ತಾನಾಗೇ ಉಳಿಯುತ್ತೆ, ಟಿವಿ ಇದೆ, ಪತ್ರಿಕೆ ಇದೆ. ಆದರೆ ಅಪ್ಪನಂಥ ಕೋಚ್‌ಗಳದ್ದು? ಅವರ ಲೆಕ್ಕ ಇರೋದು ಶಾಲೆಯ ಕಪಾಟಿನಲ್ಲಿ. ಶಾಲೆಯೇ ಮುಚ್ಚಿಹೋದ್ರೆ?

ಆಗಿದ್ದೇ ಅದು. 1954ರಲ್ಲಿ ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೇ ತೀರ್ಪನ್ನು ಪಕ್ಕಕ್ಕಿಟ್ಟು, ಶಾಲೆಗಳಲ್ಲಿ ಬೇರ್ಪಡಿಸುವುದು ಸಂವಿಧಾನಬಾಹಿರ ಅಂತು. ಜಾರಿಯಾಗೋಕೆ ವರ್ಷಗಳೇ ಹಿಡಿದವು. 1967ರ ಹೊತ್ತಿಗೆ ಕಪ್ಪುವರ್ಣೀಯರ ಶಾಲೆಗಳು ಯುಐಎಲ್ ಸ್ಪರ್ಧೆಗಳಿಗೆ ಬಂದವು. 1970ಕ್ಕೆ ಪಿವಿಐಎಲ್ ಬಾಗಿಲು ಮುಚ್ಚಿತು. ಒಳ್ಳೇದೇ ಆಯ್ತಲ್ಲ ಅಂತೀರಾ? ಹೌದು, ಆಗಲೇಬೇಕಾಗಿದ್ದ ಬದಲಾವಣೆ. ಆದರೆ ಎರಡು ಶಾಲೆ ಒಂದಾಗುವಾಗ ಮುಚ್ಚಿದ್ದು ಯಾವುದು? ಹೆಚ್ಚಿನ ಕಡೆ ಕಪ್ಪುವರ್ಣೀಯರ ಶಾಲೆ. ಮುಖ್ಯ ಕೋಚ್ ಹುದ್ದೆ ಉಳಿದದ್ದು ಯಾರಿಗೆ? ಹೆಚ್ಚಿನ ಕಡೆ ಬಿಳಿಯರಿಗೆ. ಚಾಂಪಿಯನ್ ತಂಡ ಕಟ್ಟಿದವರು ಇನ್ನೊಬ್ಬರ ಕೈಕೆಳಗೆ ಸಹಾಯಕರಾದರು. ಎಷ್ಟೋ ಶಾಲೆಗಳ ಟ್ರೋಫಿಗಳು ಕಸಕ್ಕೆ ಹೋದವು.

ನಾನು ಓದಿದ್ದು ಎಂಜಿನಿಯರಿಂಗ್. ಅಂಕಿ ಸುಳ್ಳು ಹೇಳಲ್ಲ ಅಂತ ನಮಗೆ ಪಾಠ. ನಿಜವೇ. ಆದರೆ ಬರೆದಿಡದ ಅಂಕಿ ಏನನ್ನೂ ಹೇಳಲ್ಲ. ಹ್ಯೂಸ್ ಅವರ ಲೆಕ್ಕವನ್ನೇ ತಗೊಳ್ಳಿ. ಅವರು ಮೊದಲು ಇದ್ದದ್ದು ಫೋರ್ಟ್ ವರ್ತ್‌ನ ಐ. ಎಂ. ಟೆರೆಲ್ ಹೈಸ್ಕೂಲ್, ಕಪ್ಪುವರ್ಣೀಯರ ಶಾಲೆ. 1963, 1965, 1967, ಮೂರು ಸಲ ಪಿವಿಐಎಲ್ ರಾಜ್ಯ ಚಾಂಪಿಯನ್. 1973ರಲ್ಲಿ ಆ ಹೈಸ್ಕೂಲ್ ಮುಚ್ಚಿತು. ಹ್ಯೂಸ್ ಅದೇ ಊರಿನ ಡನ್‌ಬಾರ್ ಹೈಸ್ಕೂಲ್‌ಗೆ ಹೋದರು. ಅಲ್ಲಿ ಯುಐಎಲ್ ಪ್ರಶಸ್ತಿ ಸಿಕ್ಕಿದ್ದು 1993ರಲ್ಲಿ, ಮತ್ತೆ 2003ರಲ್ಲಿ. ಈಗ ಕೂಡಿ ನೋಡಿ. ಯುಐಎಲ್ ಪುಸ್ತಕ ಮಾತ್ರ ತೆರೆದ್ರೆ ಈ ಮನುಷ್ಯ ಎರಡು ಸಲ ಚಾಂಪಿಯನ್. ಎರಡೂ ಪುಸ್ತಕ ತೆರೆದ್ರೆ ಐದು ಸಲ. ಗೆದ್ದ ಕೋಚ್ ಒಬ್ಬರೇ, ಬೆವರೂ ಒಂದೇ. ಯಾವ ಪುಸ್ತಕ ತೆರೀತೀರಿ ಅನ್ನೋದರ ಮೇಲೆ ಮೂರು ಚಾಂಪಿಯನ್‌ಶಿಪ್ ಮಾಯ!

ಇಲ್ಲೇ ಹಾಲ್ ಆಫ್ ಫೇಮ್ ಕೆಲಸಕ್ಕೆ ಬಂದದ್ದು. ಲೀಗ್ ಮುಚ್ಚಿದ ಮೇಲೆ ಅದರ ಹಳೇ ಕೋಚ್‌ಗಳೇ ಒಂದು ಸಂಘ ಕಟ್ಟಿಕೊಂಡರು. ಸರ್ಕಾರದ ಆದೇಶಕ್ಕೆ ಕಾಯಲಿಲ್ಲ. ತಮ್ಮದೇ ಹಾಲ್ ಆಫ್ ಫೇಮ್ ಮಾಡಿ, ಔತಣಕೂಟ ಇಟ್ಟು, ಹಳೇ ಆಟಗಾರರನ್ನೂ ಕೋಚ್‌ಗಳನ್ನೂ ವೇದಿಕೆಗೆ ಕರೆದರು. ತಾರೆಯರ ಜೊತೆಗೆ, ಹೊರಗಿನವರು ಹೆಸರೂ ಕೇಳದ ಊರುಗಳ ಕೋಚ್‌ಗಳನ್ನೂ ಕರೆದರು. ಒಬ್ಬರನ್ನು ಸೇರಿಸಬೇಕು ಅಂದ್ರೆ ಏನು ಬೇಕು? ಅವರು ಯಾವ ಶಾಲೆ, ಯಾವ ವರ್ಷ, ಎಷ್ಟು ಗೆಲುವು ಅಂತ ಹುಡುಕಬೇಕು. ಹಳೇ ಪತ್ರಿಕೆ ತೆಗೀಬೇಕು, ಬದುಕಿರುವವರನ್ನು ಕೇಳಬೇಕು. ಸನ್ಮಾನದ ನೆಪದಲ್ಲಿ ದಾಖಲೆ ಒಟ್ಟಾಗುತ್ತೆ. ಮುಂದೆ ಯುಐಎಲ್ ಕೂಡ ಪಿವಿಐಎಲ್ ಚಾಂಪಿಯನ್‌ಗಳ ಪಟ್ಟಿಯನ್ನು ತನ್ನ ದಾಖಲೆಗೆ ಸೇರಿಸಿಕೊಂಡಿತು. ಬೋಮಾಂಟ್ ಸೀಮೆಯಲ್ಲಿ ಇವತ್ತು ಅತ್ಯುತ್ತಮ ಹೈಸ್ಕೂಲ್ ಆಟಗಾರನಿಗೆ ಕೊಡೋ ಪ್ರಶಸ್ತಿಯ ಹೆಸರು ಏನು ಗೊತ್ತಾ? ವಿಲ್ಲಿ ರೇ ಸ್ಮಿತ್ ಪ್ರಶಸ್ತಿ. ಮಗನದ್ದಲ್ಲ, ಕೋಚ್ ಆಗಿದ್ದ ಅಪ್ಪನದ್ದು.

ಸನ್ಮಾನ ಅಂದ್ರೆ ಶಾಲು, ಹಾರ, ಒಂದು ಫೋಟೊ, ಅಷ್ಟೇ ಅಂತ ನಾವು ನಗಾಡ್ತೀವಿ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಹೆಸರು, ಊರು, ಇಸವಿ, ಲೆಕ್ಕ ಬರೆದಿಟ್ಟು ಮಾಡಿದ ಸನ್ಮಾನದ ತೂಕವೇ ಬೇರೆ. ಅದು ನಾಳೆ ಕೇಳೋರಿಗೆ ಸಾಕ್ಷಿ. ಇದಕ್ಕೆ ಒಂದೇ ಒಂದು ಶರತ್ತು: ತಡ ಮಾಡೋ ಹಾಗಿಲ್ಲ. ರಾಬರ್ಟ್ ಹ್ಯೂಸ್ 2024ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಆಯ್ಕೆ ಸಮಿತಿ ಇನ್ನೊಂದು ಏಳು ವರ್ಷ ಯೋಚನೆ ಮಾಡ್ತಾ ಕೂತಿದ್ದರೆ ಆ ಗೌರವ ಪಡೆಯೋಕೆ ಕುರ್ಚಿಯಲ್ಲಿ ಅವರೇ ಇರ್ತಿರಲಿಲ್ಲ. ಗುರುವಾರ ಆಡಿದ ಆ ಪೀಳಿಗೆಯ ಎಷ್ಟೋ ಕೋಚ್‌ಗಳಿಗೆ ಆ ಕುರ್ಚಿ ಸಿಗಲೇ ಇಲ್ಲ. ಅವರ ಹೆಸರು ಗೊತ್ತಿರೋ ಹುಡುಗರಿಗೂ ಈಗ ಎಪ್ಪತ್ತು ದಾಟಿದೆ. ಕೇಳಿ ಬರೆದುಕೊಳ್ಳಬೇಕಾದ್ದು ಈಗಲೇ.