ಒಂಬತ್ತು ಮೀಟರ್‌ಗಳ ಪ್ರಶ್ನೆ: ಅನ್ನು ರಾಣಿಯ ಜಾವೆಲಿನ್ ಎಸೆತಗಳ ಮರು ಓದು

ಹೊಸಪೇಟೆಯ ಚಿತ್ತವಾಡ್ಗಿಯಿಂದ ಬಳ್ಳಾರಿ ರಸ್ತೆ ಹಿಡಿದರೆ ಸಂಡೂರು ತಾಲ್ಲೂಕಿನ ತೋರಣಗಲ್ಲು ಸಿಗುತ್ತದೆ. ಅಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿಯೇ ನೀರಜ್ ಚೋಪ್ರಾ 2019ರ ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಂಡರು. ಈ ಸೀಮೆಯಲ್ಲಿ ಜಾವೆಲಿನ್ ಎಂದರೆ ಈಗ ನೀರಜ್ ಹೆಸರೇ. ಮಹಿಳೆಯರ ಜಾವೆಲಿನ್‌ಗೂ ಕರ್ನಾಟಕಕ್ಕೂ ಇರುವ ನಂಟು ಇದಕ್ಕಿಂತ ಹಳೆಯದು. ಅದರ ಮಾತೆತ್ತುವವರು ಕಡಿಮೆ.

2000ದಲ್ಲಿ ಬೆಂಗಳೂರಿನಲ್ಲಿ ಗುರ್ಮೀತ್ ಕೌರ್ 58.64 ಮೀಟರ್ ಎಸೆದು ಬರೆದ ರಾಷ್ಟ್ರೀಯ ದಾಖಲೆ ಹದಿನಾಲ್ಕು ವರ್ಷ ಅಲುಗಲಿಲ್ಲ. 2014ರಲ್ಲಿ ಲಖನೌದಲ್ಲಿ 58.83 ಮೀಟರ್ ಎಸೆದು ಅದನ್ನು ಮುರಿದವಳು ಮೀರತ್ ಜಿಲ್ಲೆಯ ಬಹಾದುರ್‌ಪುರದ ರೈತನ ಮಗಳು, ಕಬ್ಬಿನ ಜಲ್ಲೆ ಎಸೆಯುತ್ತ ಕೈ ಪಳಗಿಸಿಕೊಂಡ ಅನ್ನು ರಾಣಿ. ಆಗ ಅವಳ ಕೋಚ್ ಆಗಿದ್ದವರು ಶಿರಸಿಯ ಕಾಶಿನಾಥ ನಾಯ್ಕ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕಂಚು ವಿಜೇತ ಸೈನಿಕ. 2016ರಲ್ಲಿ 60.01 ಮೀಟರ್ ಎಸೆದ ಅನ್ನು, ಅರವತ್ತು ದಾಟಿದ ಮೊದಲ ಭಾರತೀಯಳಾದಳು. 2022ರಲ್ಲಿ ಜಮ್‌ಶೆಡ್‌ಪುರದಲ್ಲಿ 63.82 ಮೀಟರ್ ಮುಟ್ಟಿದಳು.

ಅನ್ನು ರಾಣಿ ದೇಶದೊಳಗೆ ಹುಲಿ, ದೊಡ್ಡ ಕೂಟದಲ್ಲಿ ಕುಗ್ಗುತ್ತಾಳೆ ಎಂಬ ಆಕ್ಷೇಪವಿದೆ. ಪಟಿಯಾಲಾದಲ್ಲಿ 2021ರ ಮಾರ್ಚ್‌ನಲ್ಲಿ 63.24 ಮೀಟರ್ ಎಸೆದವಳು ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 54.04ಕ್ಕೆ ನಿಂತಳು, ನಿಜ. ಆದರೆ 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ತಂದ 59.53 ರಾಷ್ಟ್ರೀಯ ದಾಖಲೆಯೇ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅರ್ಹತಾ ಸುತ್ತಿನಲ್ಲೇ 62.43ರ ಹೊಸ ದಾಖಲೆ ಬರೆದು, ಆ ಕೂಟದ ಜಾವೆಲಿನ್ ಫೈನಲ್ ಸೇರಿದ ಮೊದಲ ಭಾರತೀಯಳೆನಿಸಿ, ಎಂಟನೆಯವಳಾದಳು. 2022ರ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏಳನೆಯ ಸ್ಥಾನ, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಸರಿಯಾಗಿ 60.00 ಮೀಟರ್‌ಗೆ ಕಂಚು. ಕುಗ್ಗುವವಳ ಲೆಕ್ಕ ಹೀಗಿರುವುದಿಲ್ಲ.

ಹಾಗಾದರೆ ಟೋಕಿಯೊದ 9.20 ಮೀಟರ್ ಎಲ್ಲಿ ಕಳೆಯಿತು? ಜಾವೆಲಿನ್ ಹಾರುವ ದೂರ ಸ್ಥೂಲವಾಗಿ ಬಿಡುಗಡೆ ವೇಗದ ವರ್ಗವನ್ನು ಅನುಸರಿಸುತ್ತದೆ. ಗಾಳಿ, ಕೋನಗಳನ್ನು ಬದಿಗಿಟ್ಟರೆ ವೇಗದಲ್ಲಿ ಶೇ 8ರಷ್ಟು ಇಳಿಕೆಯೇ ಇಷ್ಟು ದೂರವನ್ನು ನುಂಗಬಲ್ಲದು. ಓಟದ ಕೊನೆಯಲ್ಲಿ ಮುಂಗಾಲು ಗಟ್ಟಿಯಾಗಿ ಊರದೆ ಮಂಡಿ ಮಣಿದರೆ ಓಟದ ವೇಗ ತೋಳಿಗೆ ಪೂರ್ತಿ ದಾಟದು. 600 ಗ್ರಾಂ ತೂಕದ ಜಾವೆಲಿನ್ ಅದನ್ನು ಕ್ಷಮಿಸುವುದಿಲ್ಲ. ಧೈರ್ಯದ ಮಾತಿಗಿಂತ ಇಂಥ ತಾಂತ್ರಿಕ ಪರಿಶೀಲನೆ ಮೊದಲು ಆಗಬೇಕಿತ್ತು.

2023ರ ಹಾಂಗ್‌ಝೌದಲ್ಲಿ ಅನ್ನು ರಾಣಿಯ ನಾಲ್ಕನೆಯ ಎಸೆತ 62.92 ಮೀಟರ್. ಮಹಿಳೆಯರ ಜಾವೆಲಿನ್‌ನಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಮೊದಲ ಚಿನ್ನ ಅದು, 67.98ರ ಏಷ್ಯಾ ದಾಖಲೆಯ ಒಡತಿ, ಚೀನಾದ ಲ್ಯೂ ಹುಯಿಹುಯಿ 61.29 ಮೀಟರ್‌ನೊಂದಿಗೆ ಮೂರನೆಯವಳಾದಳು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅನ್ನು ಎಸೆದದ್ದು 55.81. ಹತ್ತು ತಿಂಗಳ ಅಂತರದ ಈ ಎರಡು ಎಸೆತಗಳ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ಮುಂಗಾಲಿನ ಕೋನ, ಬಿಡುಗಡೆ ವೇಗ ಅಳೆಯುವ ಕೆಲಸವನ್ನು ಕ್ರೀಡಾವಿಜ್ಞಾನದ ವಿದ್ಯಾರ್ಥಿಯೊಬ್ಬರು ಕೈಗೆತ್ತಿಕೊಳ್ಳಬಹುದು.