ಆವಿಯೊಳಗಿನ ನೀಲಿ: ಇಸ್ತಾಂಬುಲಿನ ಚಿನಿಲಿ ಹಮಾಮು

ಬಚ್ಚಲಮನೆಯ ಗೋಡೆಗೆ ಚಿತ್ರದ ಟೈಲು ಹಚ್ಚುವ ರೂಢಿಯ ಚರಿತ್ರೆಯಲ್ಲಿ 16ನೆಯ ಶತಮಾನದ ಇಸ್ತಾಂಬುಲಿಗೆ ದೊಡ್ಡ ಸ್ಥಾನವಿದೆ. ಆ ನಗರದ ಝೆಯ್ರೆಕ್ ಎಂಬ ಭಾಗದಲ್ಲಿ, ಒಟ್ಟೋಮನ್ ನೌಕಾಪಡೆಯ ಮುಖ್ಯಸ್ಥನಾಗಿದ್ದ ಬಾರ್ಬರೋಸಾ ಹಯ್ರೆದ್ದೀನ್ ಪಾಷಾ 1540ರ ಆಸುಪಾಸಿನಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಸಿನಾನನಿಂದ ಕಟ್ಟಿಸಿದ ಸಾರ್ವಜನಿಕ ಸ್ನಾನಗೃಹಕ್ಕೆ ಚಿನಿಲಿ ಹಮಾಮು, ಎಂದರೆ ಟೈಲುಗಳ ಹಮಾಮು, ಎಂಬ ಹೆಸರೇ ನಿಂತಿತು. ಮೆರುಗು ಕೊಟ್ಟು ಸುಟ್ಟ ಟೈಲಿಗೆ ತುರ್ಕಿ ಭಾಷೆಯಲ್ಲಿ ‘ಚಿನಿ’ ಎನ್ನುತ್ತಾರೆ. ಚೀನಾದ ನೀಲಿ-ಬಿಳಿ ಪಿಂಗಾಣಿಯ ಮೇಲಿದ್ದ ಮೋಹ ಈ ಮಾತಿನಲ್ಲಿ ಉಳಿದಿದ್ದು, ಕನ್ನಡದ ‘ಚೀನಿಮಣ್ಣು’ ಕೂಡ ಅದೇ ದೇಶದ ಹೆಸರನ್ನು ಹೊತ್ತಿದೆ.

ಈ ಹಮಾಮಿನ ಟೈಲುಗಳು ತಯಾರಾದದ್ದು ಇಸ್ತಾಂಬುಲಿನ ಆಗ್ನೇಯಕ್ಕೆ ಸರೋವರದ ದಂಡೆಯಲ್ಲಿರುವ ಇಝ್ನಿಕ್ ಎಂಬ ಊರಿನಲ್ಲಿ. ಅಲ್ಲಿನ ಕುಶಲಿಗರು ಬರಿಯ ಜೇಡಿಮಣ್ಣನ್ನು ನೆಚ್ಚದೆ, ಬೆಣಚುಕಲ್ಲಿನ ನುಣುಪಾದ ಪುಡಿಗೆ ಗಾಜಿನ ಪುಡಿಯನ್ನೂ ಸ್ವಲ್ಪ ಬಿಳಿ ಜೇಡಿಯನ್ನೂ ಸೇರಿಸಿ ಟೈಲಿನ ಒಡಲನ್ನು ಸಿದ್ಧಪಡಿಸುತ್ತಿದ್ದರು. ಅದರ ಮೇಲೆ ಅಚ್ಚಬಿಳಿಯ ತೆಳುಲೇಪ ಬಳಿದು, ಕೋಬಾಲ್ಟ್ ಇರುವ ಖನಿಜದಿಂದ ಪಡೆದ ಕಡುನೀಲಿಯಲ್ಲಿ ಹೂಬಳ್ಳಿಗಳನ್ನು ಬರೆದು, ಕೊನೆಯಲ್ಲಿ ಸೀಸ ಬೆರೆತ ಪಾರದರ್ಶಕ ಮೆರುಗನ್ನು ಹಚ್ಚಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನ ಗೂಡಿನಲ್ಲಿ ಸುಡುತ್ತಿದ್ದರು. ಚಿತ್ರವು ಮೆರುಗಿನ ಕೆಳಗೆ ಉಳಿಯುವುದೇ ಈ ವಿಧಾನದ ಜೀವಾಳ. ಗಾಜಿನಂತಹ ಆ ಪದರದ ಅಡಿಯಲ್ಲಿ ಬಣ್ಣ ಭದ್ರವಾಗಿ ಕೂತಿರುವುದರಿಂದ ಆವಿಯಾಗಲಿ, ಸೋಪಿನ ನೀರಾಗಲಿ, ದಿನವೂ ಒರೆಸುವ ಬಟ್ಟೆಯಾಗಲಿ ಅದನ್ನು ಮುಟ್ಟಲಾರವು. ಇಝ್ನಿಕ್‌ನ ಹೆಸರಿನೊಡನೆ ಇಂದು ಥಟ್ಟನೆ ನೆನಪಾಗುವ ಉಬ್ಬಿದ ಕೆಂಪು ಬಣ್ಣ ಟೈಲುಗಳಿಗೆ ಬಂದದ್ದು 1550ರ ದಶಕದಲ್ಲಿ, ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿ ಕಟ್ಟಿದ ಕಾಲಕ್ಕೆ. ಚಿನಿಲಿ ಹಮಾಮು ಅದಕ್ಕಿಂತ ಮುಂಚಿನದಾದ್ದರಿಂದ ಅಲ್ಲಿ ನೀಲಿಯದೇ ರಾಜ್ಯ.

ಟೈಲನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬ ವಿವೇಕ ಹಮಾಮಿನ ರಚನೆಯಲ್ಲಿಯೇ ಅಡಗಿದೆ. ಹೊರಗಿನಿಂದ ಬಂದವರು ಬಟ್ಟೆ ಬದಲಿಸುವ ತಂಪಿನ ಅಂಗಣವನ್ನೂ ಬೆಚ್ಚಗಿನ ನಡುಕೋಣೆಯನ್ನೂ ದಾಟಿ ಬಿಸಿಕೋಣೆಗೆ ಬರುತ್ತಿದ್ದರು. ಅದರ ಮಧ್ಯದಲ್ಲಿ ‘ಗೊಬೆಕ್ ತಾಶಿ’, ಎಂದರೆ ಹೊಕ್ಕುಳ ಕಲ್ಲು, ಎಂಬ ಅಮೃತಶಿಲೆಯ ಜಗಲಿಯಿದ್ದರೆ, ಗೋಡೆಯ ಬದಿಗೆ ‘ಕುರ್ನಾ’ ಎಂಬ ಕಲ್ಲಿನ ಬೋಗುಣಿಗಳಿದ್ದವು. ಒಲೆಯ ಬಿಸಿಗಾಳಿ ನೆಲದಡಿಯ ಪೊಳ್ಳಿನಲ್ಲಿ ಹರಿದು ಕಲ್ಲನ್ನು ಕಾಯಿಸುತ್ತಿತ್ತು. ಆ ಪೊಳ್ಳಿಗೆ ತುರ್ಕಿಯಲ್ಲಿ ನರಕವೆಂಬ ಅರ್ಥದ ಹೆಸರಿದೆ. ಕಾವನ್ನು ಹಿಡಿದಿಟ್ಟುಕೊಳ್ಳುವ ನೆಲ ಬೇಕಾದ್ದರಿಂದ ಅಲ್ಲಿಗೆ ಅಮೃತಶಿಲೆಯೇ ಸರಿಯೆನಿಸಿತು. ಗುಮ್ಮಟಕ್ಕೆ ಗಾರೆ ಸಾಕಾಯಿತು. ಟೈಲಿನ ಪಾಲಿಗೆ ಗೋಡೆ ಉಳಿಯಿತು. ಗುಮ್ಮಟದಲ್ಲಿ ಕೊರೆದು ಗಾಜು ಕೂರಿಸಿದ ಪುಟ್ಟ ಬೆಳಕಿಂಡಿಗಳಿಂದ ಇಳಿಯುವ ಬಿಸಿಲಿನ ಕೋಲುಗಳು ಆವಿಯನ್ನು ಸೀಳಿಕೊಂಡು ಬಂದು, ನೀರಿನ ಹನಿಗಟ್ಟಿದ ಗೋಡೆಯ ಮೇಲೆ ಹೊತ್ತು ಏರಿದಂತೆ ನಿಧಾನವಾಗಿ ಸರಿಯುವಾಗ, ಅದೇ ಹೂಬಳ್ಳಿ ಒಮ್ಮೆ ಮಸುಕಾಗಿ ಒಮ್ಮೆ ಮಿಂಚಿ ಕಾಣುತ್ತಿತ್ತು. ಒಣಗಿದ ಗೋಡೆಗೆ ಈ ಸೊಬಗು ದಕ್ಕುವುದಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ನೋಟದ ದೂರ. ಹೋಲಿಕೆಗೆ ನೋಡಿದರೆ, ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಪೂರ್ಣಗೊಳಿಸಿದ ಮದರಸಾದ ಮಿನಾರಿನ ಮೇಲೆ ಬಣ್ಣದ ಟೈಲುಗಳು ಅಂಕುಡೊಂಕಾದ ಅಗಲ ಪಟ್ಟಿಗಳಾಗಿ ಸುತ್ತಿಕೊಂಡಿವೆ. ಊರಿನಾಚೆಯಿಂದ ಬರುವವನ ಕಣ್ಣಿಗೂ ಬೀಳಲೆಂದೇ ಆ ವಿನ್ಯಾಸವನ್ನು ಅಷ್ಟು ದೊಡ್ಡದಾಗಿ, ಅಷ್ಟು ಸರಳವಾಗಿ ಇಟ್ಟಂತಿದೆ. ಕಾಸ್ಪಿಯನ್ ತೀರದ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನನು ಒಟ್ಟೋಮನ್ ಸುಲ್ತಾನ ಎರಡನೆಯ ಮೆಹಮದನೊಂದಿಗೆ ಪತ್ರವ್ಯವಹಾರ ನಡೆಸಿದವನು. ಬೀದರು ಮತ್ತು ಇಸ್ತಾಂಬುಲು ಎರಡೂ ಟೈಲಿನ ಕಲೆಯಲ್ಲಿ ಇರಾನಿಗೆ ಋಣಿಯಾಗಿದ್ದವು. ಆದರೆ ಹಮಾಮಿನಲ್ಲಿ ನೋಡುವವನು ಬೋಗುಣಿಯ ಪಕ್ಕದಲ್ಲಿ, ಗೋಡೆಯಿಂದ ತೋಳಳತೆಯಲ್ಲಿ, ಗಂಟೆಗಟ್ಟಲೆ ಬಿಡುವಾಗಿ ಕೂತಿರುತ್ತಾನೆ. ಅಂಥವನಿಗಾಗಿ ಕುಂಚದ ತುದಿಯಿಂದ ಎಲೆಯ ನರವನ್ನೂ ಮೊಗ್ಗಿನ ತಿರುವನ್ನೂ ಬಿಡಿಸಿದ ಆರು ಮೂಲೆಯ ಟೈಲುಗಳು ಇಲ್ಲಿ ಬಳಕೆಯಾದವು. ಕೋಣೆಯ ಉಪಯೋಗವನ್ನು ಅರಿತು ಅಲಂಕಾರದ ಅಳತೆಯನ್ನು ಬದಲಿಸಿದ ಈ ಕುಶಲಿಗರ ತಿಳಿವಳಿಕೆ ಅವರ ಕೈಚಳಕಕ್ಕಿಂತ ಹೆಚ್ಚಿನ ಗೌರವಕ್ಕೆ ಅರ್ಹವಾಗಿದೆ.

ಹೆಸರಿಗೆ ಕಾರಣವಾದ ಸಂಪತ್ತೇ ಹಮಾಮಿನ ಕೈಬಿಟ್ಟುಹೋದದ್ದು ನೋವಿನ ಕಥೆ. 37 ಬಗೆಯ ವಿನ್ಯಾಸಗಳಲ್ಲಿ ಅಂದಾಜು 10,000 ಟೈಲುಗಳು ಇಲ್ಲಿದ್ದವೆಂದು ಲೆಕ್ಕ ಹಾಕಲಾಗಿದ್ದು, ಯುರೋಪಿನಲ್ಲಿ ಪೂರ್ವದೇಶಗಳ ಕಲಾವಸ್ತುಗಳಿಗೆ ಬೆಲೆ ಏರಿದ 19ನೆಯ ಶತಮಾನದ ಉತ್ತರಾರ್ಧದಲ್ಲಿ ಅವುಗಳಲ್ಲಿ ಬಹುಪಾಲು ಗೋಡೆಯಿಂದ ಕಳಚಿ ಮಾರಾಟವಾದವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಮುಂತಾದ ಸಂಗ್ರಹಗಳಲ್ಲಿ ಅವು ಇಂದು ಗಾಜಿನ ಪೆಟ್ಟಿಗೆಯೊಳಗೆ, ಆವಿಯಿಂದ ದೂರವಾಗಿ ಕೂತಿವೆ. 2010ರಲ್ಲಿ ಆರಂಭವಾಗಿ ಹದಿಮೂರು ವರ್ಷ ನಡೆದ ಜೀರ್ಣೋದ್ಧಾರದಲ್ಲಿ ನೆಲ ಅಗೆದಾಗ ಒಡೆದ ಟೈಲಿನ ಚೂರುಗಳು ದೊರೆತವು. ಅವನ್ನು ಹಮಾಮಿಗೆ ಹೊಂದಿಕೊಂಡ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಜೋಡಿಸಿಡಲಾಗಿದೆ. ಮತ್ತೆ ನೀರು ಹರಿಯುತ್ತಿರುವ ಬಿಸಿಕೋಣೆಯಲ್ಲಿ ಈಗ ಬಿಳಿಯ ಕಲ್ಲೇ ಹೆಚ್ಚು. ನೀಲಿ ಅಲ್ಲಲ್ಲಿ, ಕೀಳುವವರ ಕೈಗೆ ಸಿಗದೆ ಉಳಿದಷ್ಟು.